ಹೀಬ್ರೂ ವಿವೇಕದಲ್ಲಿ ಕೋಪ ಮತ್ತು ತಾಳ್ಮೆ

ಹೀಬ್ರೂ ಬೈಬಲ್ಲಿನ ಜ್ಞಾನೋಕ್ತಿಗಳು, ಯೋಬ, ಪ್ರಸಂಗಿ ಎಂಬ ಮೂರು ಗ್ರಂಥಗಳಿಗೆ ವಿವೇಕ ಸಾಹಿತ್ಯ ಎಂಬ ಹೆಸರಿದೆ. ರಾಜರ ದಂಡಯಾತ್ರೆ, ಯಜ್ಞವಿಧಿ, ಪ್ರವಾದಿಗಳ ಎಚ್ಚರಿಕೆ ಇವುಗಳ ಮುಖ್ಯ ವಿಷಯವಲ್ಲ. ಮಾತನ್ನು ಎಲ್ಲಿ ಆಡಬೇಕು, ಎಲ್ಲಿ ನುಂಗಿಕೊಳ್ಳಬೇಕು, ಯಾರೊಡನೆ ಸ್ನೇಹ ಬೆಳೆಸಬೇಕು, ಅನ್ಯಾಯ ಎದುರಾದಾಗ ಏನು ಮಾಡಬೇಕು ಎಂಬ ನಿತ್ಯದ ಪ್ರಶ್ನೆಗಳನ್ನೇ ಇವು ಹಿಡಿದು ಕೂರುತ್ತವೆ. ಆ ಪ್ರಶ್ನೆಗಳಲ್ಲಿ ಕೋಪದ್ದು ದೊಡ್ಡ ಪಾಲು. ಸಿಟ್ಟು ಬರಲೇಬಾರದೆಂದು ಈ ಗ್ರಂಥಗಳು ಕಟ್ಟಪ್ಪಣೆ ಮಾಡುವುದಿಲ್ಲ. ಅದು ಬರುತ್ತದೆ ಎಂದು ಒಪ್ಪಿಕೊಂಡೇ ಮುಂದೆ ಸಾಗುತ್ತವೆ. ಒಳಗೆ ಹುಟ್ಟಿದ ಸಿಟ್ಟು ನಾಲಿಗೆಗೋ ಕೈಗೋ ಇಳಿಯುವ ಮುಂಚೆ ಒಂದು ಸಣ್ಣ ಗಳಿಗೆ ಇರುತ್ತದೆ. ಮನುಷ್ಯನ ವಿವೇಕ ಪರೀಕ್ಷೆಗೆ ಒಳಗಾಗುವುದು ಆ ಗಳಿಗೆಯಲ್ಲೇ ಎಂಬುದು ಈ ಪರಂಪರೆಯ ನಿಲುವು.

ಮೂರರಲ್ಲಿ ಜ್ಞಾನೋಕ್ತಿಗಳ ಗ್ರಂಥವೇ ಈ ವಿಷಯದ ಮುಖ್ಯ ಆಕರ. ಅದರಲ್ಲಿ 31 ಅಧ್ಯಾಯಗಳಿವೆ. ಸಂಪ್ರದಾಯ ಅದನ್ನು ಕ್ರಿ.ಪೂ. 10ನೇ ಶತಮಾನದ ರಾಜ ಸೊಲೊಮೋನನ ಹೆಸರಿಗೆ ಬರೆದಿದ್ದರೂ ಗ್ರಂಥವೇ ಬೇರೆ ಹೆಸರುಗಳನ್ನೂ ಹೇಳುತ್ತದೆ. 25ನೇ ಅಧ್ಯಾಯದಿಂದ ಮುಂದಿನ ಮಾತುಗಳನ್ನು ಯೆಹೂದದ ರಾಜ ಹಿಜ್ಕೀಯನ ಜನ ಪ್ರತಿ ಮಾಡಿದರಂತೆ. 30ನೇ ಅಧ್ಯಾಯ ಅಗೂರ ಎಂಬವನದು. 31ನೇ ಅಧ್ಯಾಯದ ಆರಂಭ ಲೆಮುವೇಲನೆಂಬ ಅರಸನಿಗೆ ಅವನ ತಾಯಿ ಹೇಳಿದ ಬುದ್ಧಿಮಾತು. ಹಲವು ಶತಮಾನಗಳಲ್ಲಿ ಕೂಡಿಬಂದ ಈ ಸಂಗ್ರಹದ ಒಂದು ಕಾಲು ಹಳ್ಳಿಯ ಮನೆಯಂಗಳದಲ್ಲಿದ್ದರೆ ಇನ್ನೊಂದು ಅರಮನೆಯ ಕಚೇರಿಯಲ್ಲಿದೆ. ಆದ್ದರಿಂದಲೇ ಕೋಪದ ಬಗ್ಗೆ ಅದು ಎರಡು ದನಿಗಳಲ್ಲಿ ಮಾತಾಡುತ್ತದೆ. ನೆರೆಹೊರೆಯ ಜಗಳಕ್ಕೆ ಹೇಳುವ ಬುದ್ಧಿ ಒಂದು, ಸಿಡುಕು ಸ್ವಭಾವದ ಒಡೆಯನ ಮುಂದೆ ನಿಂತ ನೌಕರನಿಗೆ ಹೇಳುವ ಬುದ್ಧಿ ಇನ್ನೊಂದು.

ಈ ಎರಡನೆಯ ದನಿ ಇಸ್ರಾಯೇಲಿಗೆ ಮಾತ್ರ ಸೇರಿದ್ದಲ್ಲ. ಈಜಿಪ್ಟಿನಲ್ಲಿ ತಂದೆ ಮಗನಿಗೆ, ಹಿರಿಯ ಅಧಿಕಾರಿ ಕಿರಿಯನಿಗೆ ಹೇಳುವ ರೀತಿಯ ಬೋಧನೆಗಳನ್ನು ಬರೆದಿಡುವ ರೂಢಿ ಬಹಳ ಹಳೆಯದು. ಅಂಥವುಗಳಲ್ಲಿ ಅಮೆನೆಮೋಪೆಯ ಬೋಧನೆ ಎಂಬುದು ಬ್ರಿಟಿಷ್ ಮ್ಯೂಸಿಯಂನ ಪಪೈರಸ್ ಸುರುಳಿಯೊಂದರಲ್ಲಿ ಉಳಿದುಬಂದಿದೆ. 1923ರಲ್ಲಿ ವಾಲಿಸ್ ಬಡ್ಜ್ ಅದನ್ನು ಪ್ರಕಟಿಸಿದರು. ಮರುವರ್ಷವೇ ಜರ್ಮನಿಯ ಈಜಿಪ್ಟ್ ತಜ್ಞ ಅಡಾಲ್ಫ್ ಎರ್ಮನ್, ಅದಕ್ಕೂ ಜ್ಞಾನೋಕ್ತಿಗಳ 22ನೇ ಅಧ್ಯಾಯದ ನಡುವಿನಿಂದ ಶುರುವಾಗುವ ಭಾಗಕ್ಕೂ ಇರುವ ಹತ್ತಿರದ ಹೋಲಿಕೆಯನ್ನು ತೋರಿಸಿಕೊಟ್ಟರು. ಅಮೆನೆಮೋಪೆಯ 30 ಅಧ್ಯಾಯಗಳಲ್ಲಿ ಎರಡು ಬಗೆಯ ಮನುಷ್ಯರು ಮತ್ತೆ ಮತ್ತೆ ಬರುತ್ತಾರೆ. ಒಬ್ಬ ಕುದಿಯುವವನು, ಇನ್ನೊಬ್ಬ ಮೌನಿ. ಕುದಿಯುವವನು ಎಲೆಯುದುರಿ ಬೇಗನೆ ಸೌದೆಯಾಗುವ ಮರವಿದ್ದಂತೆ. ಮೌನಿ ಬಯಲಲ್ಲಿ ಬೆಳೆದು ಹಣ್ಣು ನೆರಳು ಕೊಡುವ ಮರವಿದ್ದಂತೆ. ಕುದಿಯುವವನ ಜೊತೆ ಸ್ನೇಹ ಬೇಡವೆಂದು ಈಜಿಪ್ಟಿನ ಗುರು ಎಚ್ಚರಿಸುತ್ತಾನೆ. ಹೀಬ್ರೂ ಗ್ರಂಥವೂ ಅದೇ ಎಚ್ಚರಿಕೆ ಕೊಟ್ಟು ತನ್ನದೊಂದು ಕಾರಣವನ್ನು ಸೇರಿಸುತ್ತದೆ: ಸಿಡುಕನ ಜೊತೆ ತಿರುಗುವವನು ಅವನ ನಡೆಯನ್ನೇ ಕಲಿತು ಉರುಲಿಗೆ ಸಿಕ್ಕಿಕೊಳ್ಳುತ್ತಾನೆ. ಕೋಪ ಒಬ್ಬನಿಂದ ಇನ್ನೊಬ್ಬನಿಗೆ ಅಂಟುವ ರೋಗ ಎಂಬ ಈ ತಿಳಿವು ಇಂದಿಗೂ ಯೋಚಿಸತಕ್ಕದ್ದು.

ಹೀಬ್ರೂ ಲೇಖಕರ ಮಟ್ಟಿಗೆ ಕೋಪ ದೇಹದಲ್ಲಿ ನಡೆಯುವ ಘಟನೆ. ಮೂಗಿನ ಹೊಳ್ಳೆ ಅರಳುವುದು, ಉಸಿರು ಮೊಟಕಾಗುವುದು, ಮೈ ಬಿಸಿಯೇರುವುದು, ಇವೇ ಅದರ ಚಹರೆಗಳು. ತಾಳ್ಮೆಯುಳ್ಳವನ ಉಸಿರು ದೀರ್ಘ, ಅವನ ಒಳಗು ತಂಪು. 30ನೇ ಅಧ್ಯಾಯದ ಕೊನೆಯಲ್ಲಿ ಒಂದು ಸೊಗಸಾದ ಸಾಲುಸಾಮ್ಯವಿದೆ. ಹಾಲನ್ನು ಕಡೆದರೆ ಬೆಣ್ಣೆ ಬರುವಂತೆ, ಮೂಗನ್ನು ಹಿಂಡಿದರೆ ನೆತ್ತರು ಬರುವಂತೆ, ಸಿಟ್ಟನ್ನು ಕಡೆಯುತ್ತ ಹೋದರೆ ಜಗಳ ಬರುತ್ತದೆ ಎಂಬುದು ಅದರ ತಾತ್ಪರ್ಯ. ಇಲ್ಲಿ ಜಗಳವೆಂದರೆ ಎಲ್ಲಿಂದಲೋ ಬಂದೆರಗುವ ವಿಪತ್ತಲ್ಲ. ಒಬ್ಬರು ಕೂತು, ಬಲ ಹಾಕಿ, ಕಡೆದು ಹೊರತೆಗೆದ ವಸ್ತು ಅದು. ಹಾಗಾದರೆ ಕಡೆಯುವ ಕೈಯನ್ನು ನಿಲ್ಲಿಸುವುದೂ ಮನುಷ್ಯನಿಗೆ ಸಾಧ್ಯ.

ಎಲ್ಲಿ ನಿಲ್ಲಿಸಬೇಕು? ಆರಂಭದಲ್ಲೇ, ಎನ್ನುತ್ತದೆ ಜ್ಞಾನೋಕ್ತಿಗಳ ಗ್ರಂಥ. ಜಗಳದ ಮೊದಲ ಮಾತನ್ನು ಅದು ನೀರಿಗೆ ದಾರಿ ಬಿಡುವುದಕ್ಕೆ ಹೋಲಿಸುತ್ತದೆ. ಮಳೆ ಅಪರೂಪವಾಗಿ, ಸುರಿದಾಗ ಒಮ್ಮೆಲೇ ಹಳ್ಳಗಳು ಉಕ್ಕುವ ಯೆಹೂದದ ಬೆಟ್ಟಸೀಮೆಯಲ್ಲಿ ಕಟ್ಟೆಯ ಒಂದು ಬಿರುಕು ಏನು ಮಾಡಬಲ್ಲದು ಎಂದು ಕೇಳುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನೊಂದು ಕಡೆ ಬೆಂಕಿಯ ಉಪಮೆ ಬರುತ್ತದೆ: ಸೌದೆ ಮುಗಿದರೆ ಬೆಂಕಿ ಆರುತ್ತದೆ, ಚಾಡಿಕೋರ ಇಲ್ಲದಿದ್ದರೆ ಜಗಳ ತಣ್ಣಗಾಗುತ್ತದೆ. ತನಗೆ ಸಂಬಂಧವಿಲ್ಲದ ಕಲಹಕ್ಕೆ ಕೈಹಾಕುವವನನ್ನು ದಾರಿಹೋಕ ನಾಯಿಯ ಕಿವಿ ಹಿಡಿದವನಿಗೆ ಹೋಲಿಸಿದ್ದೂ ಅಲ್ಲೇ. ಅವಮಾನವಾದ ದಿನವೇ ದಡ್ಡನ ಸಿಟ್ಟು ಊರಿಗೆಲ್ಲ ಗೊತ್ತಾಗುತ್ತದೆ. ಜಾಣನು ಅವಮಾನವನ್ನು ಮುಚ್ಚಿಟ್ಟುಕೊಳ್ಳುತ್ತಾನೆ. ಇಬ್ಬರಿಗೂ ನೋವಾಗಿದೆ ಎಂಬುದನ್ನು ಗಮನಿಸಬೇಕು. ಜಾಣನ ಚರ್ಮ ದಪ್ಪವೆಂದು ಗ್ರಂಥ ಹೇಳುತ್ತಿಲ್ಲ.

ಆ ಗಳಿಗೆಯಲ್ಲಿ ಆಡಬೇಕಾದ ಮಾತಿನ ಬಗೆಗೂ ಸಲಹೆಗಳಿವೆ. ಮೃದುವಾದ ಉತ್ತರ ಎದುರಿನವನ ಸಿಟ್ಟನ್ನು ಹಿಂದಕ್ಕೆ ತಿರುಗಿಸುತ್ತದೆ, ಬಿರುಸಾದ ಮಾತು ಅದನ್ನು ಮೇಲಕ್ಕೆಬ್ಬಿಸುತ್ತದೆ ಎಂಬ 15ನೇ ಅಧ್ಯಾಯದ ಮೊದಲ ಮಾತು ಲೋಕಪ್ರಸಿದ್ಧ. ಅದನ್ನು ಬರಿಯ ಸೌಜನ್ಯದ ಪಾಠವೆಂದು ಓದಿದರೆ ಅದರ ತೂಕ ತಿಳಿಯುವುದಿಲ್ಲ. ಬೈಬಲ್ಲಿನ ಚರಿತ್ರೆಯ ಪುಸ್ತಕಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ಉತ್ತರದ ಬೆಲೆ ಎಷ್ಟೆಂಬುದು ಗೊತ್ತಾಗುತ್ತದೆ.

ನ್ಯಾಯಸ್ಥಾಪಕರು ಎಂಬ ಪುಸ್ತಕದಲ್ಲಿ ಎಫ್ರಾಯೀಮ್ ಕುಲದವರು ಎರಡು ಸಲ ಒಂದೇ ದೂರು ತರುತ್ತಾರೆ. ಮೊದಲನೆಯ ಸಲ ಅವರು ಎದುರಿಸಿದ್ದು ಗಿದ್ಯೋನನನ್ನು. ಮಿದ್ಯಾನ್ಯರ ಮೇಲೆ ಯುದ್ಧಕ್ಕೆ ಹೋಗುವಾಗ ತಮ್ಮನ್ನೇಕೆ ಕರೆಯಲಿಲ್ಲ ಎಂದು ಅವರು ಜೋರಾಗಿ ತರ್ಕಕ್ಕಿಳಿದರು. ಗೆದ್ದು ಬಂದ ನಾಯಕ ಗಿದ್ಯೋನ ಸಿಡಿದೇಳಬಹುದಿತ್ತು. ಅವನು ಮಾಡಿದ್ದು ಬೇರೆ. ಮಿದ್ಯಾನಿನ ಇಬ್ಬರು ಸರದಾರರು ಸೆರೆಯಾದದ್ದು ನಿಮ್ಮ ಕೈಗೇ ತಾನೆ, ನಾನು ಮಾಡಿದ್ದು ಅದರ ಮುಂದೆ ಎಷ್ಟರದು, ನಿಮ್ಮ ಕುಲದ ದ್ರಾಕ್ಷಿತೋಟದಲ್ಲಿ ಕೊಯ್ಲಾದ ಮೇಲೆ ಆಯ್ದ ಹಕ್ಕಲೂ ನಮ್ಮ ಮನೆತನದ ಇಡೀ ಸುಗ್ಗಿಗಿಂತ ಮೇಲು ಎಂಬ ಅರ್ಥದ ಮಾತಾಡಿದ. ಅವರ ಸಿಟ್ಟು ಅಲ್ಲೇ ಇಳಿಯಿತು. ಎರಡನೆಯ ಸಲ ಅವರು ಬಂದದ್ದು ಗಿಲ್ಯಾದಿನ ಯೆಫ್ತಾಹನ ಬಳಿಗೆ, ಅವನು ಅಮ್ಮೋನ್ಯರನ್ನು ಸೋಲಿಸಿದ ಮೇಲೆ. ಈ ಬಾರಿ ದೂರಿನ ಜೊತೆ ಅವನ ಮನೆಯನ್ನು ಅವನೊಡನೆಯೇ ಸುಡುವ ಬೆದರಿಕೆಯೂ ಇತ್ತು. ಯೆಫ್ತಾಹ ವಾದಕ್ಕೆ ವಾದ ಕೊಟ್ಟ, ತಾನು ಕರೆದಾಗ ನೀವು ಬರಲಿಲ್ಲವೆಂದ, ದಂಡು ಕಟ್ಟಿದ. ಯೊರ್ದನ್ ನದಿ ದಾಟುವ ಕಡವುಗಳಲ್ಲಿ ಕಾವಲು ನಿಂತ ಗಿಲ್ಯಾದಿನವರು ಷಿಬ್ಬೋಲೆತ್ ಎಂಬ ಪದವನ್ನು ಸರಿಯಾಗಿ ಉಚ್ಚರಿಸಲಾರದವರನ್ನೆಲ್ಲ ಹಿಡಿದು ಕೊಂದರು. ಸತ್ತ ಎಫ್ರಾಯೀಮ್ಯರ ಸಂಖ್ಯೆ 42,000 ಎಂದು ಪುಸ್ತಕ ಹೇಳುತ್ತದೆ. ಎರಡು ಪ್ರಸಂಗಗಳೂ ಒಂದೇ ಕುಲದವರ ಗಾಯಗೊಂಡ ಅಭಿಮಾನದಿಂದ ಹುಟ್ಟಿದವು. ಗಿದ್ಯೋನನನ್ನು ಶಾಂತಮೂರ್ತಿಯೆಂದು ಭಾವಿಸಬೇಕಾಗಿಲ್ಲ. ಅದೇ ಅಧ್ಯಾಯದಲ್ಲಿ ಮುಂದೆ ಅವನು ತನ್ನ ಸೈನಿಕರಿಗೆ ರೊಟ್ಟಿ ಕೊಡದ ಸುಕ್ಕೋತಿನ ಹಿರಿಯರನ್ನು ಮುಳ್ಳುಗಳಿಂದ ದಂಡಿಸುತ್ತಾನೆ. ಒಂದು ಬೆಳಗ್ಗೆ ನಾಲಿಗೆಯನ್ನು ಗೆದ್ದವನು ಇನ್ನೊಂದು ಬೆಳಗ್ಗೆ ಕೈಯನ್ನು ಗೆಲ್ಲಲಾರದೆ ಹೋಗಬಹುದು ಎಂಬುದನ್ನು ಈ ಕಥೆಗಾರರು ಮುಚ್ಚಿಡುವುದಿಲ್ಲ.

ರಾಜ್ಯವೇ ಒಡೆದ ಪ್ರಸಂಗವೂ ಉಂಟು. ಕ್ರಿ.ಪೂ. ಸುಮಾರು 930ರಲ್ಲಿ ಸೊಲೊಮೋನ ತೀರಿಕೊಂಡಾಗ ಅವನ ಮಗ ರೆಹಬ್ಬಾಮ ಶೆಕೆಮಿಗೆ ಹೋದ. ತಂದೆಯ ಕಾಲದ ಬಿಟ್ಟಿ ದುಡಿಮೆಯ ಭಾರವನ್ನು ಇಳಿಸಬೇಕೆಂದು ಜನ ಕೇಳಿಕೊಂಡರು. ಅವನು ಮೂರು ದಿನದ ಗಡುವು ಪಡೆದ. ಸೊಲೊಮೋನನ ಆಸ್ಥಾನದಲ್ಲಿದ್ದ ಹಿರಿಯರು ಒಳ್ಳೆಯ ಮಾತಿನಲ್ಲಿ ಉತ್ತರಿಸು ಎಂದರು. ಜೊತೆಗೆ ಬೆಳೆದ ಗೆಳೆಯರು ಬಿಗಿ ತೋರಿಸು ಎಂದರು. ರೆಹಬ್ಬಾಮ ಗೆಳೆಯರ ಮಾತು ಕೇಳಿ, ತಂದೆಯ ಚಾವಟಿಗಿಂತ ತನ್ನ ಶಿಕ್ಷೆ ಚೇಳಿನಂತೆ ಕುಟುಕುವುದೆಂಬ ಧಾಟಿಯಲ್ಲಿ ಗದರಿದ. ಉತ್ತರದ ಕುಲಗಳು ಆ ದಿನವೇ ಕೈಬಿಟ್ಟು ಹೋದವು. ಯೋಚಿಸಲು ಮೂರು ದಿನಗಳು ಸಿಕ್ಕಿದ್ದವು ಎಂಬುದೇ ಇಲ್ಲಿನ ದುರಂತ. ತಡೆದುಕೊಳ್ಳುವುದಕ್ಕೆ ಕಾಲ ಬೇಕು ನಿಜ. ಆ ಕಾಲದಲ್ಲಿ ಯಾರ ಮಾತಿಗೆ ಕಿವಿಗೊಡುತ್ತೇವೆ ಎಂಬುದೂ ಅಷ್ಟೇ ಮುಖ್ಯ.

ತಾಳ್ಮೆಯನ್ನು ದುರ್ಬಲನ ಗುಣವೆಂದು ಎಣಿಸುವವರಿಗೆ ಜ್ಞಾನೋಕ್ತಿಗಳು ಯುದ್ಧದ ಭಾಷೆಯಲ್ಲೇ ಉತ್ತರ ಕೊಡುತ್ತವೆ. ತನ್ನ ಮನಸ್ಸನ್ನು ಆಳುವವನು ಪಟ್ಟಣವನ್ನು ಗೆದ್ದ ವೀರನಿಗಿಂತ ಮೇಲೆಂದು 16ನೇ ಅಧ್ಯಾಯ ಸಾರುತ್ತದೆ. 25ನೇ ಅಧ್ಯಾಯದ ಕೊನೆ ಅದೇ ಚಿತ್ರವನ್ನು ತಿರುವಿ ಹಾಕುತ್ತದೆ: ಮನಸ್ಸಿಗೆ ತಡೆಯಿಲ್ಲದವನು ಗೋಡೆಯೊಡೆದು ಬಯಲಾದ ಪಟ್ಟಣದಂಥವನು. ಈ ಎರಡನೆಯ ಮಾತು ಹಿಜ್ಕೀಯನ ಜನರು ಪ್ರತಿ ಮಾಡಿದ ಸಂಗ್ರಹಕ್ಕೆ ಸೇರಿದ್ದು ಎಂಬುದನ್ನು ನೆನೆದರೆ ಅದು ಇನ್ನಷ್ಟು ತೀಕ್ಷ್ಣವಾಗುತ್ತದೆ. ಹಿಜ್ಕೀಯನ ಆಳ್ವಿಕೆಯಲ್ಲೇ, ಕ್ರಿ.ಪೂ. 701ರಲ್ಲಿ, ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಮೇಲೆ ಏರಿಬಂದ. ಕೋಟೆಯುಳ್ಳ 46 ಪಟ್ಟಣಗಳನ್ನು ಗೆದ್ದೆನೆಂದು ಅವನು ತನ್ನ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. ಲಾಕೀಷ್ ಪಟ್ಟಣ ಬಿದ್ದ ದೃಶ್ಯವನ್ನು ನಿನೆವೆಯ ಅರಮನೆಯ ಗೋಡೆಗಳಲ್ಲಿ ಕೆತ್ತಿಸಿದ. ಯೆರೂಸಲೇಮಿನಲ್ಲಿ ಹಿಜ್ಕೀಯನ ಕಾಲದ ಸುಮಾರು ಏಳು ಮೀಟರ್ ದಪ್ಪದ ಗೋಡೆಯನ್ನು 1970ರ ದಶಕದ ಉತ್ಖನನ ಹೊರತೆಗೆದಿದೆ. ಆ ನಗರ ಉಳಿಯಿತು. ಈ ಮಾತು ಆ ಮುತ್ತಿಗೆಯ ದಿನಗಳಲ್ಲೇ ಹುಟ್ಟಿತೆಂದು ಹೇಳಲಾಗದು. ಆದರೆ ಗೋಡೆಯಿದ್ದ ಊರಿಗೂ ಗೋಡೆ ಬಿದ್ದ ಊರಿಗೂ ಏನು ವ್ಯತ್ಯಾಸವೆಂಬುದನ್ನು ಕಣ್ಣಾರೆ ಕಂಡ ತಲೆಮಾರು ಅದನ್ನು ಅಲಂಕಾರವೆಂದು ಓದಿರಲಾರದು. ಸಂಯಮವಿಲ್ಲದವನು ಇತರರಿಗೆ ಅಪಾಯಕಾರಿ ಎಂಬುದನ್ನು ಎಲ್ಲರೂ ಬಲ್ಲರು. ಈ ಉಪಮೆ ನೋಡುವುದು ಇನ್ನೊಂದು ಮಗ್ಗುಲನ್ನು: ಯಾರು ಬೇಕಾದರೂ ಅವನ ಒಳಗೆ ನುಗ್ಗಬಹುದು, ಕೆಣಕಿದವನೇ ಅವನಿಗೆ ಒಡೆಯ.

ಸಂಯಮ ಸಿಟ್ಟಿಗಷ್ಟೇ ಸಂಬಂಧಿಸಿದ್ದಲ್ಲ. ಅಧಿಕಾರಸ್ಥನ ಪಂಕ್ತಿಯಲ್ಲಿ ಕೂತಾಗ ಹೊಟ್ಟೆಬಾಕ ತನ್ನ ಗಂಟಲಿಗೆ ಕತ್ತಿ ಹಿಡಿದುಕೊಳ್ಳಬೇಕು, ಸಿಕ್ಕಿದ ಜೇನನ್ನು ವಾಂತಿಯಾಗುವಷ್ಟು ತಿನ್ನಬಾರದು ಎಂಬ ಮಾತುಗಳಿವೆ. 23ನೇ ಅಧ್ಯಾಯದ ಕೊನೆಯಲ್ಲಿ ಕುಡುಕನ ಒಂದು ಚಿತ್ರವಿದೆ. ಕೆಂಪಗಿನ ಕಣ್ಣು, ಕಾರಣವಿಲ್ಲದ ಗಾಯ, ತೂರಾಡುವ ಹಡಗಿನ ಪಟಸ್ತಂಭದ ಮೇಲೆ ಮಲಗಿದಂಥ ಅನುಭವ, ಎಚ್ಚರವಾದ ಕೂಡಲೇ ಮತ್ತೆ ಬೇಕೆಂಬ ಹಂಬಲ. ಲೆಮುವೇಲನ ತಾಯಿ ಮದ್ಯದ ವಿಷಯದಲ್ಲಿ ಕೊಡುವ ಕಾರಣ ಇನ್ನೂ ಗಂಭೀರವಾದದ್ದು. ಅರಸ ಕುಡಿದರೆ ಕಟ್ಟಳೆ ಮರೆತು ಬಡವರ ನ್ಯಾಯವನ್ನು ಕೆಡಿಸುತ್ತಾನೆ ಎಂಬುದು ಅವಳ ಭಯ. ಆಳುವವರ ಇಂದ್ರಿಯನಿಗ್ರಹ ಅವರ ಖಾಸಗಿ ಸಂಗತಿಯಲ್ಲ ಎಂಬ ಈ ತಾಯಿಯ ಮಾತು ಇಡೀ ಗ್ರಂಥದ ರಾಜನೀತಿಯ ಸಾರ.

ಕೋಪ ತಡೆದ ಕಥೆಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಸಮುವೇಲನ ಮೊದಲನೆಯ ಪುಸ್ತಕದ 25ನೇ ಅಧ್ಯಾಯದ್ದು. ಅರಸ ಸೌಲನಿಂದ ತಪ್ಪಿಸಿಕೊಂಡು ದಾವೀದ ಯೆಹೂದದ ಅಡವಿಯಲ್ಲಿದ್ದ ಕಾಲ ಅದು. 3,000 ಕುರಿ, 1,000 ಮೇಕೆಗಳಿದ್ದ ನಾಬಾಲನೆಂಬ ಶ್ರೀಮಂತ ಕರ್ಮೆಲಿನಲ್ಲಿ ಉಣ್ಣೆ ಕತ್ತರಿಸುವ ಹಬ್ಬ ನಡೆಸುತ್ತಿದ್ದ. ಅವನ ಕುರುಬರನ್ನು ಕಾಪಾಡಿದ್ದ ದಾವೀದನ ಹುಡುಗರು ಏನಾದರೂ ಕೊಡೆಂದು ಕೇಳಿದಾಗ, ಯಾರು ಈ ದಾವೀದ, ಒಡೆಯನನ್ನು ಬಿಟ್ಟು ಓಡಿಹೋದ ಆಳುಗಳು ಈಗ ಬಹಳ ಎಂದು ನಾಬಾಲ ಹೀಗಳೆದ. ದಾವೀದ 400 ಜನರಿಗೆ ಕತ್ತಿ ಕಟ್ಟಿಸಿಕೊಂಡು, ಬೆಳಗಾಗುವುದರೊಳಗೆ ಆ ಮನೆಯಲ್ಲಿ ಒಬ್ಬ ಗಂಡಸನ್ನೂ ಉಳಿಸುವುದಿಲ್ಲವೆಂದು ಆಣೆಯಿಟ್ಟು ಹೊರಟ. ಸುದ್ದಿ ತಿಳಿದ ನಾಬಾಲನ ಹೆಂಡತಿ ಅಬೀಗೈಲ್ ಗಂಡನಿಗೆ ಹೇಳದೆ 200 ರೊಟ್ಟಿ, ಎರಡು ತಿತ್ತಿ ದ್ರಾಕ್ಷಾರಸ, ಅಡಿಗೆ ಮಾಡಿದ ಐದು ಕುರಿ, ಹುರಿಗಾಳು, ಒಣದ್ರಾಕ್ಷಿ, ಅಂಜೂರದ ಉಂಡೆಗಳನ್ನು ಕತ್ತೆಗಳ ಮೇಲೆ ಹೇರಿಸಿ ದಾರಿಯಲ್ಲೇ ಅವನನ್ನು ಎದುರುಗೊಂಡಳು. ಅಡ್ಡಬಿದ್ದು ತಪ್ಪನ್ನು ತನ್ನ ಮೇಲೆ ಹೊತ್ತುಕೊಂಡಳು. ಆಮೇಲೆ ಅವಳು ಹೇಳಿದ್ದು ದಾವೀದನ ಹಿತದ ಮಾತು: ನಾಳೆ ನೀನು ಅರಸನಾದಾಗ ಕಾರಣವಿಲ್ಲದೆ ಚೆಲ್ಲಿದ ರಕ್ತದ ನೆನಪು ನಿನ್ನ ಎದೆಯನ್ನು ಎಡವಿಸದಿರಲಿ. ದಾವೀದ ಅಲ್ಲೇ ನಿಂತ, ತನ್ನನ್ನು ಕೊಲೆಯಿಂದ ತಡೆದ ಅವಳ ವಿವೇಕವನ್ನು ಹರಸಿದ. ಈ ಅಧ್ಯಾಯದ ಹಿಂದೆಯೂ ಮುಂದೆಯೂ ದಾವೀದ ಕೈಗೆ ಸಿಕ್ಕ ಸೌಲನನ್ನೇ ಕೊಲ್ಲದೆ ಬಿಟ್ಟ ಕಥೆಗಳಿವೆ. ಕೊಲ್ಲಲು ಬೆನ್ನಟ್ಟುತ್ತಿದ್ದ ಅರಸನ ವಿಷಯದಲ್ಲಿ ತಾಳಿಕೊಂಡವನು ಕುರಿಯೊಡೆಯನೊಬ್ಬನ ಬಾಯಿಬಡುಕತನಕ್ಕೆ ಸೋಲುವುದರಲ್ಲಿದ್ದ. ದೊಡ್ಡ ವೈರಿಯ ಮುಂದೆ ಎಚ್ಚರವಾಗಿರುವ ಮನಸ್ಸು ಸಣ್ಣ ಅವಮಾನದ ಮುಂದೆ ಮೈಮರೆಯುತ್ತದೆ. ತನ್ನಿಂದಾಗದ ಸಂಯಮವನ್ನು ಇನ್ನೊಬ್ಬರ ಕೈಯಿಂದ ಪಡೆಯುವುದೂ ಸಂಯಮವೇ ಎಂಬುದನ್ನು ಈ ಕಥೆಯಷ್ಟು ಚೆನ್ನಾಗಿ ಹೇಳುವ ಇನ್ನೊಂದು ಪುಟ ಬೈಬಲ್ಲಿನಲ್ಲಿ ಸಿಗುವುದು ಕಷ್ಟ.

ಈ ಚಿಂತನೆಯ ಬೇರು ಆದಿಕಾಂಡದಲ್ಲೇ ಇದೆ. ತಮ್ಮ ಹೇಬೆಲನ ಕಾಣಿಕೆ ಮೆಚ್ಚುಗೆಯಾಗಿ ತನ್ನದು ಮೆಚ್ಚುಗೆಯಾಗದಾಗ ಕಾಯಿನನ ಮುಖ ಕಳೆಗುಂದುತ್ತದೆ. ಆಗ ದೇವರು ಅವನಿಗೆ ಹೇಳುವುದು ಪಾಪವು ಬಾಗಿಲಲ್ಲಿ ಹೊಂಚಿಕೊಂಡಿದೆ, ನೀನು ಅದನ್ನು ಆಳಬೇಕು ಎಂಬ ಅರ್ಥದ ಮಾತು. ಕೊಲೆ ಇನ್ನೂ ನಡೆದಿಲ್ಲ. ಆಳುವ ಸಾಧ್ಯತೆ ಅವನ ಮುಂದಿದೆ, ಅವನು ಆಳುವುದಿಲ್ಲ. ಅದೇ ಪುಸ್ತಕದ ಕೊನೆಯಲ್ಲಿ ಯೋಸೇಫನಿದ್ದಾನೆ. ತನ್ನನ್ನು ಮಾರಿದ ಅಣ್ಣಂದಿರು ಹಸಿದು ಈಜಿಪ್ಟಿಗೆ ಬಂದಾಗ ಅವನು ಒಳಕೋಣೆಗೆ ಹೋಗಿ ಅತ್ತು, ಮುಖ ತೊಳೆದು, ತನ್ನನ್ನು ಬಿಗಿಹಿಡಿದು ಹೊರಗೆ ಬರುತ್ತಾನೆ. ಅಣ್ಣನೊಬ್ಬ ತಮ್ಮನನ್ನು ಕೊಂದ ಕಥೆಯನ್ನು ಆರಂಭದಲ್ಲೇ ಹೇಳುವ ಪುಸ್ತಕ, ಅಣ್ಣಂದಿರನ್ನು ಕ್ಷಮಿಸುವ ತಮ್ಮನ ಹತ್ತಿರ ಮುಗಿಯುತ್ತದೆ.

ಸಂಯಮವೆಂದರೆ ಎಲ್ಲವನ್ನೂ ಒಳಗೇ ಅದುಮಿಡುವುದೇ? ಹೀಬ್ರೂ ಗ್ರಂಥಗಳು ಇದಕ್ಕೆ ಹೌದೆನ್ನುವುದಿಲ್ಲ. ಯಾಜಕಕಾಂಡದ 19ನೇ ಅಧ್ಯಾಯ ಸಹೋದರನ ಮೇಲಿನ ದ್ವೇಷವನ್ನು ಹೃದಯದಲ್ಲಿ ಇಟ್ಟುಕೊಳ್ಳಬಾರದು, ತಪ್ಪನ್ನು ನೇರವಾಗಿ ಎತ್ತಿ ಹೇಳಬೇಕು ಎಂದು ವಿಧಿಸಿ, ಅದರ ಬೆನ್ನಿಗೇ ಸೇಡನ್ನೂ ಹಗೆ ಕಾಯುವುದನ್ನೂ ನಿಷೇಧಿಸುತ್ತದೆ. ಅವನು ಮಾಡಿದಂತೆ ನಾನೂ ಮಾಡುತ್ತೇನೆ ಎನ್ನಬಾರದೆಂದು ಜ್ಞಾನೋಕ್ತಿಗಳು ಎಚ್ಚರಿಸುತ್ತವೆ. ಹಗೆಯವನು ಹಸಿದಿದ್ದರೆ ಅನ್ನ, ಬಾಯಾರಿದ್ದರೆ ನೀರು ಕೊಡಬೇಕು ಎನ್ನುತ್ತವೆ. 39ನೇ ಕೀರ್ತನೆಯ ಕವಿ ಬಾಯಿಗೆ ಕುಕ್ಕೆ ಕಟ್ಟಿಕೊಂಡು ಸುಮ್ಮನಿದ್ದು ನೋಡುತ್ತಾನೆ. ನೋವು ಹೆಚ್ಚುತ್ತದೆ, ಎದೆ ಕಾಯುತ್ತದೆ, ಕೊನೆಗೆ ಅವನು ದೇವರೆದುರು ಬಾಯಿಬಿಡುತ್ತಾನೆ.

ಈ ಗಡಿಯನ್ನು ಪೂರ್ತಿ ಪರೀಕ್ಷೆಗೊಡ್ಡುವುದು ಯೋಬನ ಗ್ರಂಥ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬ ತನ್ನ ಬಾಯಿಗೆ ತಡೆ ಹಾಕುವುದಿಲ್ಲವೆಂದು ಸಾರಿ ದೇವರ ಮೇಲೆಯೇ ದೂರು ಹೂಡುತ್ತಾನೆ. ಸಮಾಧಾನಕ್ಕೆಂದು ಬಂದ ಗೆಳೆಯ ಎಲೀಫಜ, ಮೂಢನನ್ನು ಅವನ ಉರಿಯೇ ಕೊಲ್ಲುತ್ತದೆ ಎಂಬ ಹಳೆಯ ವಿವೇಕವನ್ನು ಅವನಿಗೆ ಒಪ್ಪಿಸುತ್ತಾನೆ. ಮಾತು ಸುಳ್ಳಲ್ಲ. ಆದರೆ ಬೂದಿಯಲ್ಲಿ ಕೂತವನಿಗೆ ಅದನ್ನು ಹೇಳುವುದು ಕ್ರೌರ್ಯ. ತರುಣ ಎಲೀಹುವಿನ ಪ್ರವೇಶವಂತೂ ಕೋಪದಲ್ಲೇ ಆಗುತ್ತದೆ. ಐದು ವಚನಗಳೊಳಗೆ ಅವನ ಸಿಟ್ಟು ನಾಲ್ಕು ಸಲ ಪ್ರಸ್ತಾಪವಾಗಿದೆ. ಕೊನೆಯಲ್ಲಿ ದೇವರು ಸಿಟ್ಟಾಗುವುದು ಎಲೀಫಜ ಮತ್ತು ಅವನ ಇಬ್ಬರು ಸಂಗಡಿಗರ ಮೇಲೆ. ಸರಿಯಾಗಿ ಮಾತಾಡಿದವನು ಯೋಬ ಎಂಬ ತೀರ್ಪು ಬರುತ್ತದೆ. ತಾಳ್ಮೆಯ ಉಪದೇಶ ನೊಂದವರ ಬಾಯಿ ಮುಚ್ಚಿಸುವ ಸಾಧನವಾಗಬಾರದೆಂಬುದನ್ನು ವಿವೇಕ ಸಾಹಿತ್ಯ ತನ್ನ ಒಳಗಿನಿಂದಲೇ ಕಂಡುಕೊಂಡದ್ದು ಅದರ ದೊಡ್ಡತನ.

ಅದರ ಕೊರತೆಗಳನ್ನೂ ಹೇಳಬೇಕು. ಜ್ಞಾನೋಕ್ತಿಗಳು ತಂದೆ ಮಗನಿಗೆ ಹೇಳುವ ಧಾಟಿಯಲ್ಲಿವೆ. ಜಗಳಗಂಟಿ ಹೆಂಡತಿಯ ಬಗ್ಗೆ ಹಲವು ಮಾತುಗಳಿದ್ದರೂ ಜಗಳಗಂಟ ಗಂಡನನ್ನು ಗಂಡನೆಂದು ಹೆಸರಿಸಿ ತಿದ್ದುವ ಮಾತಿಲ್ಲ. ಮಕ್ಕಳಿಗೆ ಬೆತ್ತ ಬೇಕೆಂಬ ನಂಬಿಕೆ ಅಲ್ಲಿ ಗಟ್ಟಿಯಾಗಿದೆ. ನೊಂದ ಮಗುವಿನ ಕಡೆಯಿಂದ ನೋಡಿದರೆ ಸಿಟ್ಟನ್ನು ಅಷ್ಟು ಬಲ್ಲ ಗ್ರಂಥ ಇಲ್ಲಿ ಎಚ್ಚರ ತಪ್ಪಿದೆ.

ಪ್ರಸಂಗಿ ಈ ವಿಷಯದಲ್ಲಿ ಹೆಚ್ಚು ಮಾತಾಡುವುದಿಲ್ಲ. ಕೋಪ ಮೂಢರ ಮಡಿಲಲ್ಲಿ ಬೀಡುಬಿಡುತ್ತದೆ ಎಂದೂ, ಆಳುವವನು ಸಿಟ್ಟಿಗೆದ್ದಾಗ ಗಾಬರಿಯಿಂದ ಜಾಗ ಬಿಟ್ಟು ಓಡಬಾರದು, ಸಮಾಧಾನದಿಂದಿದ್ದರೆ ದೊಡ್ಡ ತಪ್ಪುಗಳೂ ಶಮನವಾಗುತ್ತವೆ ಎಂದೂ ಅವನು ಹೇಳುತ್ತಾನೆ. ಬೀಡುಬಿಡುವುದು ಎಂಬುದರಲ್ಲೇ ಅವನ ನೋಟವಿದೆ; ಬಂದುಹೋಗುವ ಸಿಟ್ಟಿಗಿಂತ ಮನೆ ಮಾಡಿಕೊಂಡ ಸಿಟ್ಟು ಅವನನ್ನು ಕಾಡುತ್ತದೆ.

ಮನುಷ್ಯ ತಾಳ್ಮೆಯಿಂದಿರಬೇಕು ಎಂಬ ಬೋಧೆಯ ಹಿಂದೆ ದೇವರ ಸ್ವಭಾವದ ಕಲ್ಪನೆಯೂ ಇದೆ. ಜನರು ಬಂಗಾರದ ಕರುವನ್ನು ಪೂಜಿಸಿದ್ದನ್ನು ಕಂಡು ಮೋಶೆ ಸಿಟ್ಟಿನಿಂದ ಶಿಲಾಶಾಸನಗಳನ್ನು ಒಡೆದ ಮೇಲೆ, ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ದೇವರು ಬೇಗ ಸಿಟ್ಟಾಗದವನೆಂದೂ ಕರುಣಾಳುವೆಂದೂ ತನ್ನನ್ನು ಬಣ್ಣಿಸಿಕೊಳ್ಳುತ್ತಾನೆ. ಪ್ರವಾದಿ ಯೋನನ ದುಃಖಕ್ಕೆ ಇದೇ ಕಾರಣ. ನಿನೆವೆ ನಾಶವಾಗದೆ ಉಳಿದದ್ದಕ್ಕೆ ಅವನು ಕುದಿಯುತ್ತಾನೆ, ದೇವರ ತಾಳ್ಮೆಯನ್ನೇ ದೂರಾಗಿ ಎತ್ತಿ ಆಡುತ್ತಾನೆ. ದೇವರು ಬೈಯುವುದಿಲ್ಲ, ನೀನು ಸಿಟ್ಟಾಗಿರುವುದು ಸರಿಯೇ ಎಂದು ಕೇಳುತ್ತಾನೆ.

ಕ್ರಿ.ಪೂ. 2ನೇ ಶತಮಾನದ ಆರಂಭದಲ್ಲಿ ಯೆರೂಸಲೇಮಿನ ಗುರು ಬೆನ್ ಸಿರಾ ಈ ಪರಂಪರೆಯನ್ನು ಮುಂದುವರಿಸಿದ. ಅವನ ಹೀಬ್ರೂ ಗ್ರಂಥವನ್ನು ಮೊಮ್ಮಗ ಈಜಿಪ್ಟಿನಲ್ಲಿ ಗ್ರೀಕಿಗೆ ತಂದ. ಯೆಹೂದಿ ಬೈಬಲ್ಲಿಗೆ ಅದು ಸೇರಲಿಲ್ಲ, ಕ್ಯಾಥೊಲಿಕ್ ಬೈಬಲ್ಲಿನಲ್ಲಿ ಉಳಿಯಿತು. ಹೀಬ್ರೂ ಮೂಲ ಶತಮಾನಗಳ ಕಾಲ ಕಣ್ಮರೆಯಾಗಿತ್ತು. 1896ರಲ್ಲಿ ಕೈರೋದ ಹಳೆಯ ಸಿನಗಾಗ್ ಒಂದರ ಹಸ್ತಪ್ರತಿ ಕೋಣೆಯಿಂದ ಬಂದ ಹಾಳೆಯೊಂದನ್ನು ಸಾಲೊಮನ್ ಶೆಕ್ಟರ್ ಗುರುತಿಸಿದರು. 1964ರಲ್ಲಿ ಮಸಾದ ಕೋಟೆಯ ಉತ್ಖನನದಲ್ಲಿ ಇನ್ನಷ್ಟು ಭಾಗ ಸಿಕ್ಕಿತು. ಬೆನ್ ಸಿರಾ ಹೇಳುವ ಒಂದು ಮಾತು ಇಡೀ ವಿಷಯವನ್ನು ಒಂದು ಉಸಿರಿಗೆ ತರುತ್ತದೆ. ಕಿಡಿಯ ಮೇಲೆ ಊದಿದರೆ ಅದು ಹೊತ್ತಿಕೊಳ್ಳುತ್ತದೆ, ಉಗುಳಿದರೆ ಆರುತ್ತದೆ, ಎರಡೂ ಹೊರಡುವುದು ಒಂದೇ ಬಾಯಿಂದ. ತನ್ನ ತುಟಿಗೆ ಕಾವಲು ಯಾರು ಹಾಕುವರು ಎಂದು ದೇವರಲ್ಲಿ ಮೊರೆಯಿಡುವ ಅವನ ಪ್ರಾರ್ಥನೆ, ಗುರುವಿಗೂ ಇದು ಸುಲಭವಾಗಿರಲಿಲ್ಲವೆಂದು ತಿಳಿಸುತ್ತದೆ.

ಕ್ರಿ.ಶ. ಸುಮಾರು 200ರಲ್ಲಿ ಸಂಕಲನವಾದ, ಯೆಹೂದಿ ಗುರುಗಳ ಬೋಧನೆಗಳ ಸಂಗ್ರಹವಾದ ಮಿಷ್ನಾದಲ್ಲಿ ಬೆನ್ ಜೋಮಾ ಎಂಬ ಪಂಡಿತ, ವೀರನು ಯಾರೆಂದು ಕೇಳಿ, ತನ್ನ ಒಳಗಿನ ಸೆಳೆತವನ್ನು ಗೆದ್ದವನು ಎಂದು ಉತ್ತರಿಸಿ, ಜ್ಞಾನೋಕ್ತಿಗಳ 16ನೇ ಅಧ್ಯಾಯವನ್ನು ಸಾಕ್ಷಿ ಕರೆಯುತ್ತಾನೆ. ಅಲ್ಲೇ ಸ್ವಭಾವಗಳ ಒಂದು ವಿಂಗಡಣೆಯೂ ಇದೆ: ತಡವಾಗಿ ಸಿಟ್ಟಾಗಿ ಬೇಗ ತಣಿಯುವವನು ಭಕ್ತ, ಬೇಗ ಸಿಟ್ಟಾಗಿ ತಡವಾಗಿ ತಣಿಯುವವನು ದುಷ್ಟ, ಉಳಿದವರದು ಲಾಭನಷ್ಟಗಳ ಲೆಕ್ಕ. ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ಹೇಳುವ, ಗುರು ಹಿಲ್ಲೇಲನ ಕಥೆ ಇವೆಲ್ಲಕ್ಕಿಂತ ಜನಪ್ರಿಯ. ಹಿಲ್ಲೇಲನನ್ನು ರೇಗಿಸಬಲ್ಲೆನೆಂದು ಒಬ್ಬ 400 ಜೂಜ್ ನಾಣ್ಯಗಳ ಪಣ ಕಟ್ಟಿದ. ಸಬ್ಬತ್ತಿನ ಹಿಂದಿನ ಸಂಜೆ ಹಿಲ್ಲೇಲ ತಲೆ ತೊಳೆಯುತ್ತಿದ್ದಾಗ ಬಾಗಿಲಿಗೆ ಬಂದು ಕೂಗಿದ. ಹಿಲ್ಲೇಲ ಬಟ್ಟೆ ಸುತ್ತಿಕೊಂಡು ಹೊರಗೆ ಬಂದರೆ, ಬಾಬೆಲಿನವರ ತಲೆ ಏಕೆ ಉರುಟು ಎಂಬ ಪ್ರಶ್ನೆ. ಹಿಲ್ಲೇಲ ಸ್ವತಃ ಬಾಬೆಲಿನಿಂದ ಬಂದವನು. ಮಗನೇ, ದೊಡ್ಡ ಪ್ರಶ್ನೆಯನ್ನೇ ಕೇಳಿದೆ ಎಂದು ಉತ್ತರ ಕೊಟ್ಟು ಕಳಿಸಿದ. ಇನ್ನೆರಡು ಸಲ ಹೀಗೇ ನಡೆಯಿತು. ಕೊನೆಗೆ ಆ ಮನುಷ್ಯನೇ ಸಿಟ್ಟಾಗಿ, ನಿನ್ನಿಂದ ನಾನು 400 ಜೂಜ್ ಕಳೆದುಕೊಂಡೆ ಎಂದು ಬೈದ. ನೀನು ಇನ್ನೂ 400 ಕಳೆದುಕೊಂಡರೂ ಸರಿ, ಹಿಲ್ಲೇಲ ಸಿಟ್ಟಾಗುವುದಿಲ್ಲ ಎಂಬುದು ಗುರುವಿನ ಉತ್ತರ.

12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ನೆಲೆಸಿದ್ದ ವೈದ್ಯ, ದಾರ್ಶನಿಕ ಮೈಮೊನಿಡೀಸ್ ಈ ಎಲ್ಲ ಮಾತುಗಳನ್ನು ಸಾಧನೆಯ ಕ್ರಮವಾಗಿ ಕಟ್ಟಿದ. ಎಲ್ಲ ಗುಣಗಳಲ್ಲೂ ನಡುದಾರಿ ಹಿಡಿಯಬೇಕೆಂದು ಅವನು ಮಿಷ್ನೆ ತೋರಾ ಎಂಬ ತನ್ನ ಮಹಾಗ್ರಂಥದಲ್ಲಿ ಬೋಧಿಸಿ, ಅಹಂಕಾರ ಮತ್ತು ಕೋಪ ಈ ಎರಡಕ್ಕೆ ಮಾತ್ರ ವಿನಾಯಿತಿ ಹೇಳುತ್ತಾನೆ. ಇವುಗಳಿಂದ ಪೂರ್ತಿ ಆಚೆಯ ತುದಿಗೆ ಸರಿಯಬೇಕು. ಸಿಡುಕು ಸ್ವಭಾವದವನಿಗೆ ಅವನ ಚಿಕಿತ್ಸೆ ಅಭ್ಯಾಸದ್ದು. ಹೊಡೆದರೂ ಬೈದರೂ ಮನಸ್ಸಿಗೆ ಹಚ್ಚಿಕೊಳ್ಳದಿರುವುದನ್ನು ಬಹುಕಾಲ ರೂಢಿಸಿದರೆ ಕೋಪದ ಬೇರು ಕೀಳುತ್ತದೆ. ಮಕ್ಕಳನ್ನೋ ಮನೆಯವರನ್ನೋ ಸಮುದಾಯವನ್ನೋ ತಿದ್ದಲು ಸಿಟ್ಟು ತೋರಿಸಲೇಬೇಕಾಗಿ ಬಂದರೆ ಮುಖದಲ್ಲಿ ಮಾತ್ರ ತೋರಿಸಬೇಕು, ಒಳಗೆ ಮನಸ್ಸು ನೆಲೆ ತಪ್ಪಿರಬಾರದು ಎಂಬುದು ಅವನ ಕಟ್ಟಳೆ.